ಕುಂಕುಮ ಹಚ್ಚಿದ ಬ್ಯಾಕಪ್

ಮನುಷ್ಯ ಕೂಡಿಟ್ಟ ಜ್ಞಾನವೆಲ್ಲ ಒಂದು ದಿನ ನಾಶವಾಗತಕ್ಕದ್ದೇ ಎಂದು ಬಲ್ಲವರು ಹೇಳುತ್ತಾರೆ. ಅದಕ್ಕೆ ಪ್ರಳಯವೇ ಆಗಬೇಕೆಂದಿಲ್ಲ. ಎರಡು ಪದಗಳ ನಡುವೆ ಒಂದಿಷ್ಟು ಜಾಗ ಬಿಟ್ಟರೂ ಸಾಕು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ನಾನಾಗ ಮಣಿಪಾಲದಲ್ಲಿ, ಬೇರೆಯವರು ಬರೆದು ಬಿಟ್ಟುಹೋದ ಪ್ರೋಗ್ರಾಮುಗಳನ್ನು ರಿಪೇರಿ ಮಾಡಿಕೊಂಡಿದ್ದೆ. ಕಾರ್ಕಳದ ವೃದ್ಧ ಡಾಕ್ಟರೊಬ್ಬರು ಫೋನು ಮಾಡಿದರು: ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಸತ್ತಿದೆ. ಅವರಿಗೆ ಮರೆವು ಶುರುವಾಗಿತ್ತು. ಯಾರಿಗೆ ಯಾವ ಮದ್ದು ಆಗಿಬರುವುದಿಲ್ಲ ಎಂಬುದನ್ನೆಲ್ಲ, ನೆನಪು ಪೂರ್ತಿ ಕೈಕೊಡುವ ಮೊದಲು, ಕೂತು ಟೈಪ್ ಮಾಡಿಟ್ಟಿದ್ದರು.

ಕಾರ್ಕಳಕ್ಕೆ ಹೋಗಿ ನೋಡಿದರೆ ಡಿಸ್ಕಿನಿಂದ ಏನೂ ಹೊರಬರಲಿಲ್ಲ. "ಹೆದರುವುದೆಂತಕ್ಕೆ ಮಾರಾಯ? ಬ್ಯಾಕಪ್ಪಿನ ಸಿ.ಡಿ. ಉಂಟಲ್ಲ" ಎಂದು ಅವರು ಕಪಾಟು ತೆರೆದರು. ಪ್ರತಿ ಆಯುಧಪೂಜೆಗೂ ಸ್ಟೆತೊಸ್ಕೋಪಿನ ಜೊತೆ ಈ ಸಿ.ಡಿ.ಗಳಿಗೂ ಕುಂಕುಮ, ಸೇವಂತಿಗೆ ಸಲ್ಲುತ್ತಿತ್ತು. ಆರತಿ ಬೆಳಗಿದ ವಸ್ತುವನ್ನು ತೆರೆದು ಪರೀಕ್ಷಿಸುವ ಉದ್ಧಟತನವನ್ನು ಯಾರೂ ತೋರಿರಲಿಲ್ಲ. ನಾನು ಕುಂಕುಮ ಒರೆಸಿ ಒಂದೊಂದಾಗಿ ಹಾಕಿ ನೋಡಿದೆ. ಎಲ್ಲದರಲ್ಲೂ ಫೈಲು ಇತ್ತು. ಫೈಲಿನಲ್ಲಿ ತಲೆಬರಹದ ಕೆಲವು ಸಾಲು ಬಿಟ್ಟರೆ ಏನೂ ಇರಲಿಲ್ಲ.

ಡಾಕ್ಟರು ಡೇಟಾಬೇಸಿಗೆ 'ಕಾರ್ಕಳ ಕ್ಲಿನಿಕ್' ಎಂದು ಹೆಸರಿಟ್ಟಿದ್ದರು. ಕ್ಲಿನಿಕ್ಕಿನ ಪ್ರೋಗ್ರಾಮು ಆ ಹೆಸರನ್ನೂ ಬ್ಯಾಕಪ್ಪಿನ ಆಜ್ಞೆಯನ್ನೂ ಅಂಟಿಸಿ ಒಂದೇ ಸಾಲಾಗಿ ಕಳಿಸುತ್ತಿತ್ತು. ಬ್ಯಾಕಪ್ ತೆಗೆಯುವ ತಂತ್ರಾಂಶವಾದರೋ ಪದಗಳ ನಡುವೆ ಜಾಗ ಕಂಡಲ್ಲಿ ಅದನ್ನು ತುಂಡರಿಸಿ, 'ಕಾರ್ಕಳ' ಎಂಬ ಡೇಟಾಬೇಸಿನಲ್ಲಿ 'ಕ್ಲಿನಿಕ್' ಎಂಬ ಕೋಷ್ಟಕವನ್ನು ಹುಡುಕುತ್ತಿತ್ತು. ಮಸಾಲೆ ದೋಸೆ ಕೇಳಿದವನಿಗೆ, ಮಸಾಲೆಯಲ್ಲಿ ದೋಸೆ ಹುಡುಕಿ "ಇಲ್ಲ" ಎಂದ ಹಾಗೆ. ಆ "ಇಲ್ಲ"ವನ್ನು ಕಿವಿಗೇ ಹಾಕಿಕೊಳ್ಳದ ಪ್ರೋಗ್ರಾಮು 'ಬ್ಯಾಕಪ್ ಯಶಸ್ವಿ' ಎಂದು ವರ್ಷಗಟ್ಟಲೆ ಸಾರಿಕೊಂಡು ಬಂದಿತ್ತು.

ಆಜ್ಞೆಯನ್ನೂ ಹೆಸರನ್ನೂ ಬೇರೆ ಬೇರೆಯಾಗಿ, ಹೆಸರನ್ನು ಇಡಿಯಾಗಿ ಕೊಡುವಂತೆ ಪ್ರೋಗ್ರಾಮನ್ನು ತಿದ್ದಿದೆ. ಹೊಸ ಡಿಸ್ಕಿನ ಖಾಲಿ ಡೇಟಾಬೇಸಿನಿಂದ ಒಂದು ನಿರ್ದುಷ್ಟವಾದ ಬ್ಯಾಕಪ್ ಬಂತು.

ಅಷ್ಟರಲ್ಲಿ ಹೆಂಗಸೊಬ್ಬಳು ಜ್ವರದ ಮಗುವನ್ನು ಎತ್ತಿಕೊಂಡು ಬಂದಳು.

"ಇವನಿಗೆ ಯಾವುದೋ ಮದ್ದು ಆಗುವುದಿಲ್ಲ, ಅಲ್ವಾ? ಯಾವುದದು?" ಡಾಕ್ಟರು ಕೇಳಿದರು.

"ನನಗೆಂತ ಗೊತ್ತು ಡಾಕ್ಟ್ರೇ! ನೀವೇ ಅಲ್ವಾ ಕಂಪ್ಯೂಟರಿಗೆ ಹಾಕಿದ್ದು?" ಅವಳು ನಕ್ಕಳು.

ಡಾಕ್ಟರು ನನ್ನ ಕಡೆ ನೋಡಿದರು. ನಾನು ಪರದೆಯ ಕಡೆ ನೋಡಿದೆ. ಅವರು ಬರೆಯಲೆಂದು ತೆಗೆದ ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದರು.

"ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಮ್ಮ" ಎಂದರು. ಅವಳು ನಗುವುದನ್ನು ನಿಲ್ಲಿಸಿದಳು.

ಆ ತಿಂಗಳ ಕೊನೆಗೆ ಡಾಕ್ಟರು ಕ್ಲಿನಿಕ್ ಮುಚ್ಚಿದರು.