ಅಕ್ಕ ಬರೆಸಿದ ನಿಯಮ

ನನ್ನ ಸಂಶೋಧನಾ ಪ್ರಬಂಧಗಳನ್ನು ಪೂರ್ತಿ ಓದಿದವರೆಲ್ಲ, ನನ್ನನ್ನೂ ಸೇರಿಸಿ, ಒಂದು ಟಂಟಂ ಆಟೋದಲ್ಲಿ ಹಿಡಿಸುತ್ತಾರೆ. ಡ್ರೈವರನ ಪಕ್ಕದ ಜಾಗ ಆಗಲೂ ಖಾಲಿಯೇ ಇರುತ್ತದೆ. ಜೀನುಗಳ ಪರೀಕ್ಷೆ ನನ್ನ ಕಸುಬು. ಅಂಥ ಪರೀಕ್ಷೆಗಳನ್ನು ಲ್ಯಾಬುಗಳು ಹೇಗೆ ನಡೆಸಬೇಕು ಎಂದು ನಿಯಮ ಬರೆಯುವ ಸಮಿತಿಯಲ್ಲೂ ಕೂತಿದ್ದೇನೆ. ಆ ಕೆಲಸಕ್ಕೆ ಬುದ್ಧಿಗಿಂತ ಅಂಜುಬುರುಕತನ ಹೆಚ್ಚು ಬೇಕು. ಅದು ನನ್ನಲ್ಲಿ ಧಾರಾಳವಾಗಿದೆ. ಕೃಷ್ಣೆಯ ಸೇತುವೆ ಬಂದಾಗ ಬಸ್ಸಿನವರೆಲ್ಲ ಕೈ ಮುಗಿದರೆ, ಸೇತುವೆಗೆ ಎಷ್ಟು ವಯಸ್ಸಾಗಿರಬಹುದು ಎಂದು ಯೋಚಿಸುತ್ತ ಸೀಟಿನ ಸರಳು ಹಿಡಿದುಕೊಳ್ಳುವವನು ನಾನು.

ಅಕ್ಕನನ್ನು ಐನಾಪುರದ ನಮ್ಮ ಮನೆಯಿಂದ ಮುಗಳಖೋಡಕ್ಕೆ, ನಮ್ಮ ಸೋದರಮಾವನಿಗೇ ಕೊಟ್ಟಿದ್ದರು. ನಮ್ಮ ಕಡೆ ಅದು ಮಾವನ ಹಕ್ಕು. ಹುಡುಗಿ ಹೊರಗಿನವರ ಪಾಲಾಗುವುದಿಲ್ಲ ಎಂಬ ಸಮಾಧಾನ ಬೇರೆ. ಕೆಟ್ಟ ಜೀನೂ ಹೊರಗೆ ಹೋಗುವುದಿಲ್ಲ ಎಂಬುದು ನಮಗೆ ತಿಳಿಯುವ ಹೊತ್ತಿಗೆ ಅವರ ಹಿರಿಯ ಮಗ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಮೈಯಲ್ಲಿನ ತಾಮ್ರ ಹೊರಹೋಗದೆ ಲಿವರಿನಲ್ಲಿ, ಆಮೇಲೆ ಮಿದುಳಿನಲ್ಲಿ ಕೂತುಬಿಡುವ ರೋಗ. ತಾಯಿಯಿಂದ ಒಂದು, ತಂದೆಯಿಂದ ಒಂದು, ಎರಡೂ ಕೆಟ್ಟ ಜೀನು ಬಂದರೆ ಮಾತ್ರ ಅದು ಬರುತ್ತದೆ. ಒಂದೇ ಬಂದರೆ ಏನೂ ಆಗುವುದಿಲ್ಲ. ಲಕ್ಷಣ ಕಾಣುವ ಮೊದಲೇ ಗೊತ್ತಾದರೆ, ದಿನಾ ಮಾತ್ರೆ ನುಂಗಿಕೊಂಡು ಮೊಮ್ಮಕ್ಕಳನ್ನು ನೋಡುವವರೆಗೂ ಬದುಕಬಹುದು.

ಉಳಿದವಳು ಮಗಳು, ಅಂಗಳದ ತುಂಬ ಕುಂಟಾಬಿಲ್ಲೆ ಆಡಿಕೊಂಡಿದ್ದಳು. ಅವಳಿಗೂ ಅದು ಇದೆಯೋ ಇಲ್ಲವೋ ನೋಡಬೇಕಿತ್ತು. ಆಗ ನಾನು ಪುಣೆಯ ಲ್ಯಾಬಿನಲ್ಲಿದ್ದೆ. ರಾಯಬಾಗದಲ್ಲಿ ಅವಳ ರಕ್ತ ತೆಗೆಸಿ ಕಳಿಸಿರಿ ಅಂದೆ. ಕೊಳವೆ ಬಂತು. ಮೇಲೆ ಅವಳ ಹೆಸರಿತ್ತು. ನನ್ನ ಸ್ವಭಾವದಂತೆ ಅದನ್ನು ಮತ್ತೆ ಮತ್ತೆ ಓದಿದೆ. ಪರೀಕ್ಷೆಯಲ್ಲಿ ಕಂಡದ್ದು ಒಂದೇ ಕೆಟ್ಟ ಜೀನು. ರೋಗವಿಲ್ಲ, ಮಾತ್ರೆ ಬೇಡ.

ಫೋನಿನಲ್ಲಿ ಮಾವ, "ಏನಲೇ ಸಾಯಂಟಿಸ್ಟ್, ಇದು ಖರೇ ಐತೋ, ಇಲ್ಲಾ ರೇಡಿಯೋದಾಗ ಮಳಿ ಬರತೈತಿ ಅಂತಾರಲ್ಲ, ಹಂಗೋ?" ಅಂದ.

"ಖರೇ ಐತಿ ಮಾವಾ."

ಅಕ್ಕ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದಳು.

ಕೆಲವು ವರ್ಷಗಳ ಮೇಲೆ ಹುಡುಗಿಯ ಅಕ್ಷರ ಕೆಟ್ಟಿತು. ಸೋಮಾರಿ ಆಗಿದ್ದಾಳೆ ಅಂದರು ಶಾಲೆಯವರು. ಆಮೇಲೆ ಚಹಾದ ಬಟ್ಟಲು ಹಿಡಿದರೆ ಕೈ ನಡುಗತೊಡಗಿತು, ಮಾತು ತೊದಲಿತು. ಮಿರಜಿನ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿದರೆ ಕರಿಗುಡ್ಡೆಯ ಸುತ್ತ ತಾಮ್ರದ ಉಂಗುರ.

ಲ್ಯಾಬಿನಲ್ಲಿ ಉಳಿದಿದ್ದ ಹಳೆಯ ರಕ್ತವನ್ನು ಮತ್ತೊಮ್ಮೆ ಪರೀಕ್ಷಿಸಿದೆ. ಮತ್ತೆ ಅದೇ ಉತ್ತರ, ಒಂದೇ ಕೆಟ್ಟ ಜೀನು. ಮಿರಜಿಗೆ ಓಡಿದೆ. ಹಾಸಿಗೆಯ ಪಕ್ಕ ಕೂತಿದ್ದ ಅಕ್ಕನನ್ನು, ಆವತ್ತು ರಕ್ತ ಹೇಗೆ ತೆಗೆದರು ಎಂದು ಕೇಳಿದೆ.

"ಛಲೋ ತಗದ್ರು, ಯಾಕ? ಅಣ್ಣನ ಕೈ ಚುಚ್ಚಿ ಚುಚ್ಚಿ ನೀಲಿ ಆಗಿದ್ದು ನೋಡಿತ್ತಲ್ಲ ಕೂಸು, ಸೂಜಿ ಕಂಡಕೂಡ್ಲೆ ಖುರ್ಚಿ ಬುಡಕ ಹೊಕ್ಕತು. ಕೂಸಿಗೆ ತ್ರಾಸ ಕೊಡಬ್ಯಾಡ್ರಿ, ನಂದ ತಗೋರಿ ಅಂದ್ನಿ. ರಕ್ತ ತಗಿಯಾಂವ ಮೊದಲ ಒಲ್ಲೆ ಅಂದ. ಹಡದಾಕಿ ನಾನ ಅದೀನಿ, ಆಕೀದೇನು ಬ್ಯಾರೆ ರಕ್ತ ಐತೇನ್ರಿ ಅಂದ್ನಿ. ಆಮ್ಯಾಲೆ ತಗದ."

ಎರಡು ಸಲವೂ ನಾನು ಪರೀಕ್ಷಿಸಿದ್ದು ಅಕ್ಕನ ರಕ್ತ. ಅಕ್ಕ ನನ್ನ ಮುಖ ನೋಡಿದಳು.

"ಅದಕ್ಕ ಹಿಂಗಾತೇನು, ತಮ್ಮಾ?"

"ಇಲ್ಲಕ್ಕಾ. ಮಷೀನಿಂದು ತಪ್ಪು."

"ಮಷೀನಿನ ಮ್ಯಾಲೆ ಹಾಕಬ್ಯಾಡ. ಸಣ್ಣಾಂವ ಇದ್ದಾಗಿಂದ ನಿನಗ ಸುಳ್ಳು ಹೇಳಾಕ ಬರಂಗಿಲ್ಲ."

ಅಕ್ಕ ಅಳಲಿಲ್ಲ. ಮಗಳ ಬಾಯಿಂದ ಇಳಿಯುತ್ತಿದ್ದ ಜೊಲ್ಲನ್ನು ಸೆರಗಿನಿಂದ ಒರೆಸಿದಳು.

ಮಾತ್ರೆ ಶುರುವಾದವು. ರೋಗ ಬರದಂತೆ ತಡೆಯಬಲ್ಲ ಮಾತ್ರೆಗಳು, ಬಂದು ಕೂತ ಮೇಲೆ ಅದನ್ನು ಎಬ್ಬಿಸಲಾರದೆ ಹೋದವು. ಮಾತು ನಿಂತಿತು, ಆಮೇಲೆ ನುಂಗುವುದು ನಿಂತಿತು. ಕಬ್ಬಿನ ಹಂಗಾಮು ಶುರುವಾಗುವ ಮೊದಲೇ ಹುಡುಗಿ ಹೋದಳು.

ಮಣ್ಣು ಮಾಡಿ ಬಂದ ಮೇಲೆ, ಜನ ಕರಗಿದ ಮೇಲೆ, ಅಕ್ಕ ನನ್ನನ್ನು ಕರೆದಳು. "ನೀ ಅದೇನೋ ರೂಲು ಬರಿತೀಯಂತಲ್ಲ, ಅದರಾಗ ಇದನ್ನ ಬರಿ. ಕೂಸಿನ ಕೈಯಾಗಿಂದನ ತಗೀಬೇಕು, ತಾಯಿ ಏನ ಅಂದ್ರೂ ಕೇಳಬಾರದು ಅಂತ."

ಬರೆದೆ. ಕೊಳವೆಯ ಮೇಲೆ ಯಾರ ಹೆಸರಿದೆಯೋ ಅವರ ಮೈಯಿಂದಲೇ ರಕ್ತ ತೆಗೆದಿರುವುದಾಗಿ, ತೆಗೆದವರು ಸಹಿ ಮಾಡತಕ್ಕದ್ದು. ಹತ್ತಿರದ ಸಂಬಂಧಿಯ ರಕ್ತವನ್ನು ಬದಲಿಯಾಗಿ ಸ್ವೀಕರಿಸತಕ್ಕದ್ದಲ್ಲ. ಸಭೆಯಲ್ಲಿ ಹಿರಿಯರೊಬ್ಬರು ನಕ್ಕರು. "ಇದನ್ನೂ ಬರೆಯಬೇಕೇನ್ರೀ? ಯಾರು ಹೀಗೆ ಮಾಡ್ತಾರೆ? ಆಧಾರ ಏನು?"

ಅಲ್ಪವಿರಾಮಕ್ಕೂ ಆಧಾರ ಕೊಡುವವನು ನಾನು. ಆವತ್ತು, "ನಮ್ಮ ಕಡೆ ಮಾಡ್ತಾರೆ ಸರ್" ಎಂದಷ್ಟೇ ಹೇಳಲು ಆಯಿತು. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಆ ಸಾಲನ್ನು ನಿಯಮದಲ್ಲಿ ಹಾಗೇ ಉಳಿಸಿದರು.

ಹೊರಗೆ ಬಂದು ಅಕ್ಕನಿಗೆ ಫೋನು ಮಾಡಿದೆ.

"ಬರದಿ?"

"ಬರದೀನಿ ಅಕ್ಕಾ. ಪಾಸಾತು."

"ಆಕೀ ಹೆಸರ ಹಾಕೀದಿ ಹೌದಿಲ್ಲೋ?"

"ರೂಲಿನಾಗ ಯಾರ ಹೆಸರೂ ಹಾಕಂಗಿಲ್ಲಕ್ಕಾ."



"ಹಂಗಾದ್ರ," ಅಂದಳು ಅಕ್ಕ, "ಅದು ಆಕೀದು ಅಂತ ಯಾರಿಗೆ ತಿಳಿತೈತಿ?"