ಮೇಲಿನಿಂದ ನಾಲ್ಕು, ಎಡದಿಂದ ಏಳು

ಮೊನ್ನೆ ಮಳೆಗೆ ನಮ್ಮ ಕಚೇರಿಯ ಮಾಳಿಗೆ ಸೋರಿ, ನೋಟೀಸು ಹಚ್ಚುವ ಹಾರ್ಡ್‌ಬೋರ್ಡಿನ ಹಲಗೆ ಪೂರ್ತಿ ನೆನೆದುಹೋಗಿತ್ತು. ಜವಾನ ಅದನ್ನು ಬಿಚ್ಚಿ ಅಂಗಳದ ಬಿಸಿಲಿಗೆ ಗೋಡೆಗೆ ಆನಿಸಿಟ್ಟ. ಹೊತ್ತೇರಿದಂತೆ ಅದರಿಂದ ಒಂದು ವಾಸನೆ ಎದ್ದಿತು. ನೆನೆದ ಗೋಣಿಚೀಲದ್ದು, ಹಳೇ ಅಂಟಿನದು, ಕಟ್ಟಿಗೆಯ ಹೊಟ್ಟು ಹುಳಿಯುವಾಗಿನದು, ಎಲ್ಲಾ ಸೇರಿದ ವಾಸನೆ. ನಿಮಗೂ ಇಂಥದೊಂದು ವಾಸನೆ ಇದ್ದೀತು, ಈಗ ಇಲ್ಲದ ಯಾವುದೋ ಮನೆಯದು. ನನ್ನದು ಇದು. ಕೈಯಲ್ಲಿ ಫೈಲು ಹಿಡಿದುಕೊಂಡೇ ನಿಂತುಬಿಟ್ಟೆ. ನಲವತ್ತು ದಾಟಿದ ಹೆಂಗಸು ಒದ್ದೆ ಹಲಗೆಯ ಮುಂದೆ ಕಣ್ಣೊರೆಸಿಕೊಂಡರೆ ನೋಡಿದವರು ಏನೆಂದುಕೊಳ್ಳಬೇಕು? "ಆರತೈತಿ ಬಿಡ್ರಿ ಮೇಡಮ್ಮಾರ, ಅದಕೇನೂ ಆಗಂಗಿಲ್ಲ," ಎಂದ ಜವಾನ. ಆರುತ್ತದೆ, ನಿಜ. ಅದು ಕೆಡುವುದೇ ಆರಿದ ಮೇಲೆ ಎಂದು ಅವನಿಗೆ ಹೇಗೆ ಗೊತ್ತಿರಬೇಕು.

ಕೂಡ್ಲಿಗಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮ ಮನೆಯಿತ್ತು. ಈಗ ಅಲ್ಲಿ ರಸ್ತೆ ಅಗಲವಾಗಿ, ನಮ್ಮ ಪಡಸಾಲೆ ಇದ್ದ ಜಾಗದ ಮೇಲೆ ಆಟೋಗಳು ನಿಲ್ಲುತ್ತವೆ. ಆ ಪಡಸಾಲೆಯೇ ಅಪ್ಪನ ಕಾರ್ಖಾನೆ. ಅಪ್ಪ ಹೊಲಿಗೆ ಮಷೀನು ರಿಪೇರಿ ಮಾಡುತ್ತಿದ್ದ. ಕೊಟ್ಟೂರಿನಿಂದ, ತಂಬ್ರಹಳ್ಳಿಯಿಂದ ಜನ ಮಷೀನಿನ ತಲೆಯನ್ನಷ್ಟೇ ಬಿಚ್ಚಿ, ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸಿಳಿದು ಬರುತ್ತಿದ್ದರು. ಮಷೀನಿನ ಎಣ್ಣೆ, ಸೀಮೆಎಣ್ಣೆ, ಒಳಗಿನಿಂದ ಅವ್ವ ಸುಡುತ್ತಿದ್ದ ಜೋಳದ ರೊಟ್ಟಿ, ಈ ಮೂರೂ ವಾಸನೆ ಕೂಡಿದರೆ ನಮ್ಮ ಮನೆ. ಶಾಲೆಯಲ್ಲಿ ಗೆಳತಿಯರು ನನ್ನ ಜಡೆ ಮೂಸಿ "ಎಣ್ಣಿ ಡಬ್ಬಿ ಬಂತು" ಎಂದು ಕಾಡಿಸುತ್ತಿದ್ದರು. ನನಗೇನೂ ಬೇಜಾರಿರಲಿಲ್ಲ, ಒಳಗೊಳಗೇ ಜಂಬವೇ ಇತ್ತು.

ಪಡಸಾಲೆಯ ಗೋಡೆಗೆ, ಕಚೇರಿಯದರಂಥದೇ ಹಾರ್ಡ್‌ಬೋರ್ಡಿನ, ಒಂದು ತೂತಿನ ಹಲಗೆ. ಹೊಸಪೇಟೆಯಲ್ಲಿ ಯಾವುದೋ ಬಳೆ ರಿಬ್ಬನ್ನಿನ ಅಂಗಡಿ ಮುಚ್ಚಿದಾಗ ಅಪ್ಪ ತಂದದ್ದು. ಉದ್ದಕ್ಕೂ ಅಡ್ಡಕ್ಕೂ ಒಂದೇ ಅಳತೆಯ ತೂತು, ಸಿಕ್ಕಿಸುವುದಕ್ಕೆ ಬಾಗಿದ ತಂತಿಯ ಕೊಕ್ಕೆಗಳು. ರಿಬ್ಬನ್ನು ಹೊರುವುದಕ್ಕೆ ಹುಟ್ಟಿದ ಕೊಕ್ಕೆಗಳು ಪಾನಾ, ಇಕ್ಕಳಗಳ ಭಾರಕ್ಕೆ ಎಲ್ಲಿ ತಡೆದಾವು? ಸ್ಕ್ರೂಡ್ರೈವರ್ ಎತ್ತಿದರೆ ಅದರ ಜೊತೆ ಕೊಕ್ಕೆಯೂ ಎದ್ದು ಬರುತ್ತಿತ್ತು. ಅಪ್ಪ ಸೈಕಲ್ ಟ್ಯೂಬನ್ನು ಸಣ್ಣ ಸಣ್ಣ ಉಂಗುರ ಕತ್ತರಿಸಿ, ಒಂದೊಂದು ಕೊಕ್ಕೆಯ ಕುತ್ತಿಗೆಗೆ ತೊಡಿಸಿ, ಹಲಗೆಗೆ ಬಿಗಿಯಾಗಿ ಒತ್ತಿ ಕೂರಿಸಿದ. ಆಮೇಲೆ ಒಂದೂ ಅಲುಗಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಕೂರುವ ಮುಂಚೆ ದೇವರಿಗೆ ಕೈಮುಗಿಯುತ್ತಿದ್ದನೋ ಇಲ್ಲವೋ, ಪ್ರತಿ ಕೊಕ್ಕೆಯನ್ನೂ ಬೆರಳಿನಿಂದ ಒಮ್ಮೆ ಅಲುಗಿಸಿ ನೋಡುತ್ತಿದ್ದ. ಸಡಿಲ ಬಿದ್ದದ್ದಕ್ಕೆ ಅಲ್ಲೇ ಹೊಸ ಉಂಗುರ.

ಅಷ್ಟೊಂದು ಕಾಳಜಿ ಯಾಕೆಂದು ನನಗೆ ತಿಳಿದದ್ದು ಹತ್ತನೆಯ ವಯಸ್ಸಿನಲ್ಲಿ. ಸಂಜೆ ಕರೆಂಟು ಹೋದರೂ ಅಪ್ಪನ ಕೆಲಸ ನಿಲ್ಲುತ್ತಿರಲಿಲ್ಲ. "ನಿಮ್ಮಪ್ಪಗ ಕತ್ಲಾಗೂ ಕಾಣತೈತೇನಲೇ?" ಎಂದು ಓಣಿಯವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಒಂದು ದಿನ ಮಟಮಟ ಮಧ್ಯಾಹ್ನ ನೋಡಿದೆ: ಅಪ್ಪನ ಬಲಗೈ ಹಲಗೆಯ ಮೂಲೆಯಿಂದ ತೂತುಗಳ ಮೇಲೆ ನಡೆಯುತ್ತಿತ್ತು, ತುಟಿ ಸದ್ದಿಲ್ಲದೆ ಎಣಿಸುತ್ತಿತ್ತು. ಮೇಲಿನಿಂದ ನಾಲ್ಕು, ಎಡದಿಂದ ಏಳು: ಸಣ್ಣ ಸ್ಕ್ರೂಡ್ರೈವರ್. ಮೇಲಿನಿಂದ ಎರಡು, ಎಡದಿಂದ ಹನ್ನೊಂದು: ಇಕ್ಕಳ. ಅಪ್ಪನಿಗೆ ಕತ್ತಲಲ್ಲಿ ಕಾಣುತ್ತದೆ ಎನ್ನುವುದು ಸುಳ್ಳು, ಬೆಳಕಿನಲ್ಲೂ ಕಾಣುತ್ತಿರಲಿಲ್ಲ.

ಇದು ಅವ್ವನಿಗೆ ಗೊತ್ತಿತ್ತು. ಯಾರಾದರೂ ಹೊಸ್ತಿಲು ತುಳಿದರೆ ಸಾಕು, ಒಳಗಿನಿಂದಲೇ ಕೂಗುತ್ತಿದ್ದಳು, "ತಂಬ್ರಹಳ್ಳಿ ಗಂಗಮ್ಮಾರು ಬಂದಾರ ನೋಡ್ರಿ!" ಅಪ್ಪ ಆ ಕಡೆ ಮುಖ ತಿರುಗಿಸಿ, "ಬರ್ರಿ ಗಂಗಮ್ಮಾರ, ಎಷ್ಟು ಸೊರಗೀರಲ್ರಿ!" ಎನ್ನುತ್ತಿದ್ದ. ಬಂದವರಿಗೆಲ್ಲ ಇದೇ ಮಾತು. ಬ್ಲೌಸು ಹೊಲಿಯುವ ಗಂಗಮ್ಮ ನಮ್ಮ ಪಡಸಾಲೆಯ ಬಾಗಿಲಿನಷ್ಟು ಅಗಲ ಇದ್ದಳು, ಆ ಮಾತಿಗೆ ಮೈಯೆಲ್ಲ ಅಲುಗುವಂತೆ ನಗುತ್ತಿದ್ದಳು. ಸೂಜಿಗೆ ದಾರ ಪೋಣಿಸುವುದು ಅವ್ವನ ಕೆಲಸ, ಉಳಿದದ್ದೆಲ್ಲ ಅಪ್ಪನ ಬೆರಳು, ಕಿವಿ ನೋಡಿಕೊಳ್ಳುತ್ತಿದ್ದವು. ಕಣ್ಣಿಲ್ಲದವನ ಕೈಗೆ ಹೊಟ್ಟೆಪಾಡಿನ ಮಷೀನನ್ನು ಯಾರು ಕೊಡುತ್ತಾರೆ? ನಮ್ಮ ಮನೆಯ ಗುಟ್ಟು ಆ ಕೊಕ್ಕೆಗಳ ಮೇಲೆ ತೂಗುತ್ತಿತ್ತು.

ಆ ವರ್ಷ ಆಯುಧಪೂಜೆಯ ಹಿಂದಿನ ದಿನ ಅಪ್ಪ ಅವ್ವ ಬಳ್ಳಾರಿಗೆ ಕಣ್ಣಿನ ಡಾಕ್ಟರ ಹತ್ತಿರ ಹೋದರು. ನಾನೊಬ್ಬಳೇ ಮನೆಯಲ್ಲಿ. ಓಣಿಯಲ್ಲಿ ಎಲ್ಲರೂ ಸೈಕಲ್ಲು, ಟ್ರ್ಯಾಕ್ಟರು ತೊಳೆಯುತ್ತಿದ್ದರು. ಅಪ್ಪ ಪ್ರತಿ ವರ್ಷ ಸಾಮಾನುಗಳನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದನೇ ಹೊರತು ಹಲಗೆಯ ಗೊಡವೆಗೆ ಹೋಗುತ್ತಿರಲಿಲ್ಲ. ಅದರ ಮೇಲೆ ವರ್ಷಗಳ ಎಣ್ಣೆ ಜಿಡ್ಡು. ಎಲ್ಲರ ಆಯುಧ ಮೀಯುವಾಗ ನಮ್ಮ ಹಲಗೆಯೊಂದೇ ಕೊಳಕಾಗಿರಬೇಕೇ? ಯಾವುದು ಎಲ್ಲಿ ಎಂದು ಪಾಟಿಯ ಮೇಲೆ ಬರೆದುಕೊಂಡೆ. ಎಲ್ಲವನ್ನೂ ಇಳಿಸಿದೆ, ಹಲಗೆಯನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ, ಸೋಪು ಹಾಕಿ, ತೆಂಗಿನ ನಾರಿನಿಂದ ತಿಕ್ಕಿ ನಾಲ್ಕು ಕೊಡ ನೀರು ಸುರಿದೆ. ಹೊಳೆಯಿತು! ಪಕ್ಕದ ಮನೆಯವರನ್ನು ಕರೆದು ಮತ್ತೆ ಗೋಡೆಗೆ ಹಾಕಿಸಿದೆ. ಪಾಟಿ ನೋಡಿಕೊಂಡು ಒಂದೊಂದು ಕೊಕ್ಕೆಯನ್ನೂ ಅದರದರ ತೂತಿಗೇ ಸೇರಿಸಿದೆ.

ಇಬ್ಬರೂ ಸಂಜೆ ಬಸ್ಸಿಗೆ ಬಂದರು. ಅವ್ವ ಪ್ರಯಾಣದ ಸೀರೆಯನ್ನೂ ಬದಲಿಸದೆ ಒಲೆ ಮುಂದೆ ಕೂತಳು. ಹೋದ ಕಣ್ಣು ಬರುವುದಿಲ್ಲ, ಇದ್ದ ಮಬ್ಬು ಬೆಳಕೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದು ನನಗೆ ಆಮೇಲೆ ತಿಳಿಯಿತು. ಅಪ್ಪ ನೇರ ಹಲಗೆಯ ಹತ್ತಿರ ಹೋಗಿ ಕೈಯಾಡಿಸಿದ. ಎಣಿಸಿದ. ಎಲ್ಲವೂ ಇದ್ದಲ್ಲೇ ಇದ್ದವು.

"ಹಲಗಿ ತಣ್ಣಗ ಐತಲ್ಲ ಯವ್ವಾ?"

"ಒರಸೀನಿ ಯಪ್ಪಾ. ಹಬ್ಬಕ್ಕ."

ಅಪ್ಪನ ಅಂಗೈ ಹಲಗೆಯ ಮೇಲೆ ಇನ್ನೂ ಸ್ವಲ್ಪ ಹೊತ್ತು ಇತ್ತು. "ಚಲೋ ಆತು," ಎಂದ. ಮರುದಿನ ಎಲ್ಲದರ ಜೊತೆ ಹಲಗೆಗೂ ಮೂರು ಬೆರಳು ವಿಭೂತಿ ಎಳೆದ.

ಹಬ್ಬ ಮುಗಿದು ನಾಲ್ಕೈದು ದಿನಕ್ಕೆ ಹಲಗೆ ಆರಿತು. ಅಂಚು ರೊಟ್ಟಿಯ ಪದರದಂತೆ ಉಬ್ಬಿತು, ತೂತುಗಳ ಬಾಯಿ ಉದುರಿ ಅಗಲವಾಯಿತು. ಬೆಳಿಗ್ಗೆ ಕಸ ಗುಡಿಸುವಾಗ ಕೆಳಗೆ ಕಂದು ಹಿಟ್ಟು ಬಿದ್ದಿರುತ್ತಿತ್ತು. ಅವ್ವ "ಗೆದ್ಲ ಹತ್ಯಾವ" ಎಂದು ಸೀಮೆಎಣ್ಣೆ ಬಳಿದಳು. ನಾನು ತಪ್ಪನ್ನು ಗೆದ್ದಲಿನ ತಲೆಗೆ ಕಟ್ಟಿ ಸುಮ್ಮನಾದೆ. ಅಪ್ಪ ಏಳುವ ಮುಂಚೆಯೇ ಎದ್ದು ಎರಡೆರಡು ಟ್ಯೂಬಿನ ಉಂಗುರ ತೊಡಿಸಿದೆ. ತೂತಿಗೆ ಮೇಣ ತುಂಬಿದೆ, ಬೆಂಕಿಕಡ್ಡಿ ತುರುಕಿದೆ, ಕೊಕ್ಕೆಗಳನ್ನು ಒಂದಕ್ಕೊಂದು ತಂತಿಯಿಂದ ಬಿಗಿದೆ. ಬೆಳಿಗ್ಗೆ ಅಪ್ಪನ ಬೆರಳಿಗೆ ಗಟ್ಟಿ ಎನಿಸಿದ್ದು ಮಧ್ಯಾಹ್ನಕ್ಕೆ ಕೈಗೆ ಬರುತ್ತಿತ್ತು. ಕೊಕ್ಕೆಯದೇನೂ ದೋಷವಿರಲಿಲ್ಲ, ಅದು ಕಚ್ಚಿ ಹಿಡಿಯಬೇಕಾದ ಹಲಗೆಯೇ ಸತ್ತುಹೋಗಿತ್ತು. ಶಾಲೆಯಲ್ಲಿ ಕೂತರೂ ನನ್ನ ಕಿವಿ ಪಡಸಾಲೆಯಲ್ಲೇ ಇರುತ್ತಿತ್ತು.

ಅದು ಆದ ದಿನ ಭಾನುವಾರ, ನಾನು ಮನೆಯಲ್ಲೇ ಇದ್ದೆ. ಗಂಗಮ್ಮ ಎದುರಿಗೆ ನಗುತ್ತ ಕೂತು ಕಾಯುತ್ತಿದ್ದಳು. ಅಪ್ಪ ಸಣ್ಣ ಸ್ಕ್ರೂಡ್ರೈವರಿಗೆ ಕೈ ಹಾಕಿದ. ಕೊಕ್ಕೆ ಕಿತ್ತು ಬಂತು, ಎರಡೂ ನೆಲಕ್ಕೆ ಬಿದ್ದವು. ಅಪ್ಪ ಬಗ್ಗಿ ತಡವಿದ. ಸ್ಕ್ರೂಡ್ರೈವರ್ ಅವನ ಮೊಣಕಾಲಿನ ಮುಂದೆಯೇ, ಕಿಟಕಿಯ ಬಿಸಿಲಿನಲ್ಲಿ ಹೊಳೆಯುತ್ತ ಬಿದ್ದಿತ್ತು. ಕೈ ಅದರ ಪಕ್ಕದಿಂದ ಒಮ್ಮೆ ಹೋಯಿತು, ಮತ್ತೊಮ್ಮೆ ಹೋಯಿತು. ನಾನು ಎದ್ದು ಕೊಡಬಹುದಿತ್ತು. ಕೊಟ್ಟರೆ ಗಂಗಮ್ಮನಿಗೆ ತಿಳಿಯುತ್ತದೆ, ಕೊಡದಿದ್ದರೂ ತಿಳಿಯುತ್ತದೆ. ಕೂತಲ್ಲೇ ಇದ್ದೆ. ಗಂಗಮ್ಮ ನಗು ನಿಲ್ಲಿಸಿ ನೋಡಿದಳು, ಆಮೇಲೆ ತಾನೇ ಬಗ್ಗಿ ಎತ್ತಿ ಅಪ್ಪನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ಯಾವಾಗಿಂದ್ರಿ ಅಣ್ಣಾರ, ಹಿಂಗ?"

ಅಪ್ಪ ಅದರಿಂದಲೇ ತಿರುಪು ಬಿಗಿದ. ಮಷೀನು ಮುಗಿಸಿ ಕೊಟ್ಟ, ಎಂದಿನಂತೆಯೇ ಚೆನ್ನಾಗಿ ಓಡಿತು.

ಗಂಗಮ್ಮ ಕೆಟ್ಟವಳಲ್ಲ. ಮರುಗಿ ಒಬ್ಬರಿಗೆ ಹೇಳಿರಬೇಕು, ಅವರೂ ಮರುಗಿ ಇನ್ನೊಬ್ಬರಿಗೆ. "ಪಾಪ, ಅವರಿಗ್ಯಾಕ ತ್ರಾಸ ಕೊಡೂದು" ಎಂದುಕೊಂಡು ಜನ ಬರುವುದು ಬಿಟ್ಟರು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಮರುಕದ ಎದುರು ನಮಗೆ ಬಾಯಿಯೇ ಇರಲಿಲ್ಲ. ಅವ್ವ ಗೋಡೆಗೆ ಮೊಳೆ ಹೊಡೆದು ಸಾಮಾನು ತೂಗುಹಾಕಿದಳು. ಅಪ್ಪ ಒಂದು ದಿನ ಎಣಿಸಲು ತೂತಿಲ್ಲದ ಗೋಡೆಯನ್ನು ತಡವಾಡಿ, "ಗ್ವಾಡಿಗೆ ಲೆಕ್ಕ ಇಲ್ಲ ಬಿಡು," ಎಂದ. ಅಂಥದೇ ಹಲಗೆಗಾಗಿ ಅವ್ವ ಹೊಸಪೇಟೆಯೆಲ್ಲ ತಿರುಗಿ ಬರಿಗೈಯಲ್ಲಿ ಬಂದಳು. ಆಮೇಲೆ ಅವಳು ಹಾಸ್ಟೆಲಿನ ಅಡುಗೆಗೆ ಸೇರಿದಳು. ಅಪ್ಪ ಪಡಸಾಲೆಯಲ್ಲಿ ಹಲಗೆಗೆ ಬೆನ್ನು ಕೊಟ್ಟು ಕೂರತೊಡಗಿದ. ಆದರೂ ದಿನಾ ಸಂಜೆ ಕೇಳುತ್ತಿದ್ದ, "ಕೊಕ್ಕಿ ಗಟ್ಟಿ ಅದಾವೇನು ಯವ್ವಾ?" ಬಿದ್ದ ಕೊಕ್ಕೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಾನು, "ಗಟ್ಟಿ ಅದಾವಪ್ಪ," ಎನ್ನುತ್ತಿದ್ದೆ.

ನಾನು ಕಾಲೇಜಿನಲ್ಲಿದ್ದಾಗ ಅಪ್ಪ ಹಾಸಿಗೆ ಹಿಡಿದ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಅಪ್ಪ ಅಂದ, "ನಿಮ್ಮವ್ವ ಇನ್ನೂ ಗೆದ್ಲ ಅಂತಾಳ. ಅನ್ಲಿ ಬಿಡು. ಆ ದಿನ ಮನಿತುಂಬ ಸಬಕಾರದ ವಾಸನಿ ಇತ್ತು. ಎಷ್ಟು ಚಂದ ತೊಳದಿದ್ದಿ!" ಚಮಚ ನನ್ನ ಕೈಯಲ್ಲೇ ಉಳಿಯಿತು. ತಪ್ಪಾಯಿತು ಅನ್ನಬೇಕಿತ್ತು. "ಗಂಜಿ ಆರತೈತಿ, ಕುಡಿಯಪ್ಪ," ಎಂದೆ. ಕುಡಿದ. ಆ ತಿಂಗಳು ಕಳೆಯುವಷ್ಟರಲ್ಲಿ ಹೋಗಿಬಿಟ್ಟ.

ಹಲಗೆ ಈಗ ನನ್ನ ಮನೆಯ ಹಿಂದಿನ ಕೋಣೆಯಲ್ಲಿದೆ, ಅಪ್ಪನ ಸಾಮಾನುಗಳನ್ನು ಹೇಗೋ ಮತ್ತೆ ಅದರದರ ಕೊಕ್ಕೆಗೇ ತೂಗುಹಾಕಿಟ್ಟಿದ್ದೇನೆ. ಮೊನ್ನೆ ಕಚೇರಿಯಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಅದರ ಮುಂದೆ ಕೂತೆ. ಕಣ್ಣು ಮುಚ್ಚಿ ಮೂಲೆಯಿಂದ ಎಣಿಸಿದೆ. ಮೇಲಿನಿಂದ ನಾಲ್ಕು, ಎಡದಿಂದ ಏಳು. ಹಿಡಿ ಬೆರಳಿಗೆ ಸಿಕ್ಕಿತು. ಎತ್ತಿದರೆ ಕೊಕ್ಕೆ ಕಿತ್ತುಬಂದು ಎರಡೂ ನೆಲಕ್ಕೆ ಬಿದ್ದವು. ಕಣ್ಣು ಮುಚ್ಚಿಕೊಂಡೇ ತಡವಿದೆ, ಆ ಕಡೆ, ಈ ಕಡೆ, ಮತ್ತೆ ಆ ಕಡೆ. ಸಿಗಲಿಲ್ಲ. ಎಷ್ಟು ಹೊತ್ತು ತಡವಿದೆನೋ ಗೊತ್ತಿಲ್ಲ. ಕೊನೆಗೆ ಕಣ್ಣು ಬಿಟ್ಟೆ, ಬಿಡುವುದಕ್ಕೆ ನನಗೆ ಕಣ್ಣಿದ್ದವು. ಸ್ಕ್ರೂಡ್ರೈವರ್ ನನ್ನ ಮೊಣಕಾಲಿನ ಮುಂದೆಯೇ ಬಿದ್ದಿತ್ತು.