ಕಾಣೆಯಾದ ಕಂತು

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ದೆವ್ವಗಳ ಭಯವಿಲ್ಲ. ದೆವ್ವ ಬರುತ್ತದೋ ಇಲ್ಲವೋ ಎಂದು ಪುಟಗಟ್ಟಲೆ ಕಾಯಿಸುವ ಕಾದಂಬರಿಕಾರರ ಭಯ ಮಾತ್ರ ಚೆನ್ನಾಗಿಯೇ ಇದೆ. ಬರುವುದಾದರೆ ಬರಲಿ, ಇಲ್ಲವಾದರೆ ಈ ಸಲ ಆಗುವುದಿಲ್ಲ ಎಂದು ಹೇಳಿಕಳಿಸಲಿ. ಗ್ಯಾಸ್ ಸಿಲಿಂಡರಿಗೆ ಹೆಸರು ಬರೆಸಿ ಕಾದ ಹಾಗೆ ದೆವ್ವಕ್ಕೂ ಕಾಯಬೇಕೆಂದರೆ ಹೇಗೆ?

ಅಂಥದೊಂದು ಕಾದಂಬರಿ ನನಗೆ ಗಂಟುಬಿದ್ದದ್ದು ಎಂಬತ್ತರ ದಶಕದಲ್ಲಿ, ಮದುವೆಯಾಗಿ ರಾಜಾಜಿನಗರಕ್ಕೆ ಬಂದ ಹೊಸತರಲ್ಲಿ. ಅದು ಅಂಗಡಿಯಲ್ಲಿ ಕೊಂಡ ಪುಸ್ತಕವಲ್ಲ. ವಾರಪತ್ರಿಕೆಯಲ್ಲಿ ಬಂದ ಧಾರಾವಾಹಿಯ ಹಾಳೆಗಳನ್ನು ವಾರವಾರವೂ ಬಿಡಿಸಿಟ್ಟು, ಕಥೆ ಮುಗಿದ ಮೇಲೆ ಒಟ್ಟುಮಾಡಿ, ದಬ್ಬಳದಿಂದ ಚುಚ್ಚಿ ಹುರಿಯಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ಲಕ್ಷ್ಮಿಯನ್ನು ರಟ್ಟಿಗೆ ಅಂಟಿಸಿ ನನ್ನ ಅತ್ತೆಯೇ ಮಾಡಿದ ಪುಸ್ತಕ. ಆಗ ಎಷ್ಟೋ ಮನೆಗಳಲ್ಲಿ ಹೀಗೆ ಮಾಡಿಟ್ಟುಕೊಳ್ಳುತ್ತಿದ್ದರು. ಹೊರಗೆ ಕಮಲದ ಮೇಲೆ ಕೂತ ಲಕ್ಷ್ಮಿ, ಒಳಗೆ ಪಾಳು ಬಂಗಲೆ. ಹಾಳೆಯ ಹಿಂಬದಿಯಲ್ಲಿ ಅಚ್ಚಾಗಿದ್ದದ್ದೂ ಜೊತೆಗೇ ಬಂದಿತ್ತು. ನಾಯಕಿ ಕತ್ತಲಲ್ಲಿ ಗಡಗಡ ನಡುಗುತ್ತಿದ್ದಾಳೆ, ಏನಾಯಿತೋ ಎಂದು ಹಾಳೆ ಮಗುಚಿದರೆ ನಿಪ್ಪಟ್ಟು ಮಾಡುವ ವಿಧಾನ. ಅದೂ ಅರ್ಧ. ಹಿಟ್ಟು ಕಲಸುವವರೆಗೆ ಹೇಳಿ ಕೈಬಿಟ್ಟಿದ್ದರು.

ಕಥೆ ಇಷ್ಟು. ಗುಡ್ಡದ ಮೇಲೊಂದು ಬಂಗಲೆ, ಅದರಲ್ಲಿ ಹಾಸಿಗೆ ಹಿಡಿದ ಯಜಮಾನ, ಅವನ ಆರೈಕೆಗೆ ಬಂದ ಒಬ್ಬಳು ನರ್ಸು. ಮಹಡಿಯ ಮೇಲೆ ಬೀಗ ಜಡಿದ ಕೋಣೆ, ಅದರೊಳಗೆ ಏನೋ ಸರಿದಾಡುವ ಸದ್ದು. ಒಂದು ವಾರ ನರ್ಸು ಮೆಟ್ಟಿಲ ಬಳಿ ಬರುತ್ತಾಳೆ. ಮುಂದಿನ ವಾರ ಮೊದಲ ಮೆಟ್ಟಿಲ ಮೇಲೆ ಕಾಲಿಡುತ್ತಾಳೆ. ಅದರ ಮುಂದಿನ ವಾರ ಯಜಮಾನ ಕೆಮ್ಮುತ್ತಾನೆ, ಇವಳು ಇಳಿದು ಬರುತ್ತಾಳೆ. ಹತ್ತಿ ಸಾಯಬಾರದೇನೇ ತಾಯಿ ಎಂದು ನಾನು ಎಷ್ಟು ಸಲ ಗೊಣಗಿದೆನೋ. ಭಯಾನಕ ರಸಕ್ಕೆ ಭಯವೇ ಸ್ಥಾಯಿಭಾವ ಎಂದು ಹಿಂದಿನ ಪಂಡಿತರು ಹೇಳಿ ಕೈತೊಳೆದುಕೊಂಡರು. ಪಾಪ, ಅವರು ವಾರಪತ್ರಿಕೆ ಓದಿದವರಲ್ಲ. ಓದಿದ್ದರೆ, ಅಲ್ಲಿ ಸ್ಥಾಯಿಯಾಗಿರುವುದು ಪ್ರತಿ ಕಂತಿನ ಕೊನೆಯ 'ಮುಂದುವರಿಯುವುದು' ಒಂದೇ ಎಂದು ಅವರಿಗೂ ತಿಳಿಯುತ್ತಿತ್ತು.

ಇಂಥ ಕಥೆಗೆ ಮುಖ್ಯವಾಗಿ ಬೇಕಾದದ್ದು ದೊಡ್ಡ ಮನೆ. ಮೂವತ್ತು ಕೋಣೆ, ಮೂರು ಜನ ಎಂಬ ಲೆಕ್ಕ ಇದ್ದರೆ ನಿಗೂಢ ತಾನಾಗಿ ಹುಟ್ಟುತ್ತದೆ. ನಮ್ಮದು ಎರಡು ಕೋಣೆ, ನಾಲ್ಕು ಜನ: ಅತ್ತೆ, ನನ್ನ ಗಂಡ, ಮೈದುನ, ನಾನು. ದೆವ್ವ ಬಂದರೂ ಕಾಲು ಚಾಚಲು ಜಾಗವಿರಲಿಲ್ಲ. ವಿಚಿತ್ರ ಸದ್ದು ಎಂದರೆ ಹಿಂದಿನ ಬೀದಿಯ ವರ್ಕ್‌ಶಾಪಿನ ಲೇತ್ ಮೆಷಿನ್ನು, ಅದೂ ಭಾನುವಾರ ರಜ.

ಆ ಮನೆಯಲ್ಲಿ ನನಗೆ ಬಗೆಹರಿಯದಿದ್ದವರು ಅತ್ತೆ ಒಬ್ಬರೇ. ಗಂಡಸರಿಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಸಂಜೆಯವರೆಗೆ ನಾವಿಬ್ಬರೇ. ಅಷ್ಟು ಹೊತ್ತಿನಲ್ಲಿ ಅವರ ಬಾಯಿಂದ ಬರುತ್ತಿದ್ದದ್ದು, "ನಲ್ಲೀಲಿ ನೀರು ಬಂತು", "ಹಾಲು ಉಕ್ಕುತ್ತೆ ನೋಡು", ಇಷ್ಟೇ. ಬೈಗುಳವಿಲ್ಲ, ಕೊಂಕಿಲ್ಲ. ಬೈದಿದ್ದರೆ ತಿರುಗಿ ಒಂದು ಮಾತಾದರೂ ಆಡಬಹುದಿತ್ತು. ನಾನೋ ತುಮಕೂರಿನ ಕಡೆಯ ತುಂಬಿದ ಮನೆಯವಳು, ಒಂದು ಗಂಟೆ ಸುಮ್ಮನಿದ್ದರೆ ಜ್ವರ ಬಂತೇನೋ ಎಂದು ಹಣೆ ಮುಟ್ಟಿ ನೋಡುವ ಜನ ನಮ್ಮವರು. ಅತ್ತೆಗೆ ನಾನು ಹಿಡಿಸಿಲ್ಲ ಎಂದೇ ತೀರ್ಮಾನಿಸಿದ್ದೆ. ಇವರೊಡನೆ ಇಡೀ ಜನ್ಮ ಹೀಗೇ ಕಳೆಯಬೇಕಲ್ಲ ಎಂದು ನೆನೆದರೆ ಅಳುವೇ ಬರುತ್ತಿತ್ತು. ಗಂಡನಿಗೆ ಹೇಳಿದರೆ, "ಅಮ್ಮ ಮೊದ್ಲಿಂದಾನೂ ಹಾಗೇ ಕಣೇ, ಮಾತು ಕಡಿಮೆ" ಎಂದು ಸೈಕಲ್ ಹತ್ತಿ ಹೋದರು. ಹಾಗಾಗಿ ಆ ನರ್ಸೇ ನನಗೆ ಗತಿಯಾದಳು.

ಕೊನೆಗೂ ಒಂದು ದಿನ ಅವಳು ಮೆಟ್ಟಿಲು ಹತ್ತಿ, ಬೀಗದ ಕೈ ತಿರುಗಿಸಿ, ಬಾಗಿಲು ನೂಕಿದಳು. ಅವಸರದಲ್ಲಿ ಹಾಳೆ ತಿರುವುತ್ತೇನೆ, ಪುಣ್ಯಾತ್ಗಿತ್ತಿ ರೈಲಿನಲ್ಲಿ ಕೂತಿದ್ದಾಳೆ! ನಡುವಿನ ಕಂತೇ ಇಲ್ಲ. ಇಷ್ಟು ದಿನ ಕಾದು ಸುಣ್ಣವಾದ ನನಗೆ ಎಂಥ ಸಿಟ್ಟು ಬಂದಿರಬೇಡ. ಕೋಣೆಯಲ್ಲಿ ಏನಿತ್ತೆಂದು ತಿಳಿಯದೆ ಮುಂದೆ ಓದುವುದಿಲ್ಲ ಎಂದು ಹಟ ಹಿಡಿದು ಪುಸ್ತಕ ಮುಚ್ಚಿದೆ.

ಎದುರು ಮನೆಯ ಸರೋಜಮ್ಮನವರು ಅದೇ ಪತ್ರಿಕೆ ತರಿಸುತ್ತಿದ್ದವರು. ಅವರನ್ನು ಕೇಳಿದೆ. "ಅಯ್ಯೋ, ಓದಿದೀನಿ ಕಣ್ರೀ. ಒಳಗೆಲ್ಲಾ ಬರೀ ಚಿನ್ನ! ಕಳ್ಳಸಾಗಾಣಿಕೆದು" ಎಂದರು. ಹಾಗಾದರೆ ಆ ಸದ್ದು? "ಅಷ್ಟು ಚಿನ್ನ ಇದ್ಮೇಲೆ ಕಾವಲಿಗೆ ಯಾರಾದ್ರೂ ಇರ್ಬೇಡ್ವಾ?" ಮುಂದಿನ ವಾರ ಮತ್ತೆ ಕೇಳಿದರೆ ಚಿನ್ನ ಹೋಗಿ ಹೆಣವಾಗಿತ್ತು. ನಂಬಿಕೆ ಹೋಯಿತು.

ಉಳಿದವರು ಅತ್ತೆ. ಮಧ್ಯಾಹ್ನ ಅವರೇಕಾಳು ಹಿಸುಕುತ್ತಾ ಕೂತಿದ್ದರು. ಪಕ್ಕದಲ್ಲಿ ಕೂತು ಧೈರ್ಯ ಮಾಡಿ ಕೇಳಿದೆ: "ಅತ್ತೆ, ಆ ಕೋಣೇಲಿ ಏನಿತ್ತು?"

ಅತ್ತೆ ಇನ್ನೂ ನಾಲ್ಕು ಕಾಳು ಹಿಸುಕಿದರು. ಆಮೇಲೆ, "ಆ ವಾರದ್ದನ್ನ ನೆಂಟ್ರು ಯಾರೋ ಬಸ್ಸಲ್ಲಿ ಓದೋಕೆ ಅಂತ ತಗೊಂಡ್ಹೋದ್ರು. ನಂಗೆ ಜ್ಞಾಪಕ ಇದೆ, ಹೇಳ್ತೀನಿ. ನೀನು ಕೈ ಆಡ್ಸು" ಎಂದರು.

"ಒಳಗೆ ದೆವ್ವನೂ ಇಲ್ಲ, ಭೂತನೂ ಇಲ್ಲ. ಒಬ್ಳು ಹೆಂಗಸು ಕೂತಿದ್ಳು. ಆ ಮನೆ ಸೊಸೆ. ಯಾರಮ್ಮಾ ನಿನ್ನ ಕೂಡಿಹಾಕಿದ್ದು ಅಂತ ನರ್ಸು ಕೇಳಿದ್ಳು. ಯಾರೂ ಇಲ್ಲ, ನಾನೇ ಕೂತಿದೀನಿ ಅಂದ್ಳು."

"ಬೀಗ ಹೊರಗಡೆ ಇತ್ತಲ್ಲ ಅತ್ತೆ?"

"ನಡುವೆ ಬಾಯಿ ಹಾಕ್ಬೇಡ. ಮದುವೆಯಾಗಿ ಬಂದಾಗ ಅವ್ಳು ಲೊಟಲೊಟ ಅಂತ ಮಾತಾಡೋಳು. ಹೆಂಗಸಿಗೆ ಇಷ್ಟು ಬಾಯಿ ಯಾಕೆ ಅಂದ್ರು ಅವ್ಳ ಅತ್ತೆ. ಸುಮ್ಮನಾದ್ಳು. ಆಮೇಲೆ ಅತ್ತೇನೂ ಹೋದ್ರು, ಗಂಡನೂ ಹೋದ. ಇನ್ನು ಮಾತಾಡು ಅಂತ ಯಾರೂ ಹೇಳ್ಲಿಲ್ಲ. ಅವ್ಳಿಗೂ ರೂಢಿ ತಪ್ಪೋಗಿತ್ತು. ಅಷ್ಟೇ ಕಥೆ."

ಮದುವೆಯಾದಂದಿನಿಂದ ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆದರೆ ನನ್ನ ಮೊದ್ದುತನ ನೋಡಿ, ನಾನು ಮೆಚ್ಚಿದ್ದು ಕಾದಂಬರಿಕಾರನನ್ನು. ಏನು ಕಥೆ ಕಟ್ಟಿದ್ದಾನಪ್ಪಾ, ಕಾಯಿಸಿದ್ದಕ್ಕೂ ಸಾರ್ಥಕ ಎಂದುಕೊಂಡು ಮರುದಿನ ಬೆಳಿಗ್ಗೆಯೇ ಪುಸ್ತಕ ತೆರೆದೆ.

ರೈಲಿನಲ್ಲಿ ನರ್ಸು ಪಕ್ಕದವರಿಗೆ ಕೋಣೆಯ ವಿಷಯ ಹೇಳುತ್ತಿದ್ದಾಳೆ: ಒಳಗೆ ಧೂಳು, ಒಡೆದ ಕಿಟಕಿ, ಪಾರಿವಾಳಗಳು. ಅಷ್ಟೇ. ಕೊನೆಯವರೆಗೂ ಓದಿದೆ. ಯಜಮಾನನಿಗೆ ವಿಷ ಹಾಕಿದ್ದು ವಕೀಲ. ಆ ಬಂಗಲೆಗೆ ಸೊಸೆ ಎಂಬುವಳೇ ಇರಲಿಲ್ಲ.

ಮೊದಲು, ಅತ್ತೆ ನನಗೆ ಟೋಪಿ ಹಾಕಿದರು ಎನಿಸಿತು. ಆಮೇಲೆ ಕಥೆ ಯಾರದ್ದೆಂದು ಹೊಳೆಯಿತು. ನಾನು ಹಿಡಿಸಲಿಲ್ಲ ಎಂಬುದಲ್ಲ, ಅವರಿಗೆ ಮಾತು ಎಲ್ಲಿಂದ ಶುರುಮಾಡಬೇಕೋ ಗೊತ್ತಿರಲಿಲ್ಲ.

ಕಂಡ ತಪ್ಪನ್ನು ಎತ್ತಿ ತೋರಿಸದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ. ಪಾರಿವಾಳದ ಪುಟಕ್ಕೆ ಬೆರಳಿಟ್ಟುಕೊಂಡೇ ಅತ್ತೆಯ ಬಳಿ ಹೋದೆ. ಅವರು ಒಮ್ಮೆ ಪುಸ್ತಕ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ನಾನು ಬೆರಳು ತೆಗೆದು ಪುಸ್ತಕವನ್ನು ಬದಿಗಿಟ್ಟೆ.

"ಅತ್ತೆ, ಆ ಕೋಣೇಲಿದ್ದ ಹೆಂಗಸಿಗೆ ತವರು ಯಾವೂರು?"

"ಹೆಗ್ಗನಹಳ್ಳಿ" ಎಂದರು.

ಗುಡ್ಡದ ಮೇಲಿನ ಬಂಗಲೆಗೆ ನಮ್ಮ ಮನೆಯ ಹತ್ತಿರದ ಮಾಗಡಿ ರಸ್ತೆಯ ಕಡೆಯಿಂದ ಹೆಣ್ಣು ತಂದಿದ್ದರು! ನಾನು ನಗಲಿಲ್ಲ. ಆ ಮನೆಗೆ ಬಂದು ಅಷ್ಟು ದಿನವಾಗಿದ್ದರೂ ಅತ್ತೆಯ ತವರು ಯಾವುದೆಂದು ನನಗೆ ತಿಳಿದದ್ದು ಆಗಲೇ.

"ಅಲ್ಲಿ ಯಾರಿದ್ರು?"

"ಅವ್ಳಪ್ಪ ಇದ್ದ. ರಾಗಿ ಹೊಲ ಇತ್ತು, ಜೋಡಿ ಎತ್ತಿತ್ತು. ಇವ್ಳ ಮಾತು ಅಂದ್ರೆ ಅವ್ನಿಗೆ ಪ್ರಾಣ. ಗಾಡಿ ಕಟ್ಟಿದ್ರೆ ಇವ್ಳು ಮುಂದುಗಡೆ ಕೂರ್ಲೇಬೇಕು. ಮಾತಾಡು ಮಗಳೇ, ನೀನು ಸುಮ್ಮನಾದ್ರೆ ಎತ್ತುಗಳಿಗೆ ನಿದ್ದೆ ಬರುತ್ತೆ ಅನ್ನೋರು ನಮ್ಮಪ್ಪ."

ಬಾಯಿ ತಪ್ಪಿದ್ದು ಅತ್ತೆಗೆ ತಿಳಿಯಿತೋ ಇಲ್ಲವೋ, ತಿದ್ದಿಕೊಳ್ಳಲಂತೂ ಹೋಗಲಿಲ್ಲ. ನಾನು ಅವರ ಹತ್ತಿರಕ್ಕೆ ಸರಿದು ಕೂತು, "ಆಮೇಲೆ?" ಎಂದೆ.